ಬಳ್ಳಾರಿ ನೀರಿಗೆ ಯಾವ ಪಾಚಿ ಮೀನು?

ಹೋದ ಬೇಸಿಗೆಯಲ್ಲಿ ಕೌಲ್ ಬಜಾರ್ ಕಡೆಯವರೊಬ್ಬರು ಪೇಂಟ್ ಬಕೆಟ್ ಹಿಡಿದುಕೊಂಡು ಅಂಗಡಿಗೆ ಬಂದರು. ಬಕೆಟ್ ಮೇಲೆ ಒದ್ದೆ ಟವೆಲ್. ತೆಗೆದು ನೋಡಿದರೆ ಒಳಗೆ ಗೇಣಿಗಿಂತ ಉದ್ದದ ಸಕ್ಕರ್ ಮೀನು ಬಾಲ ಮಡಚಿಕೊಂಡು ಕೂತಿತ್ತು. "ತಂದಾಗ ಕಿರುಬೆರಳಷ್ಟಿತ್ತು ಸಾರ್. ಪಾಚಿ ತಿಂದು ಟ್ಯಾಂಕ್ ಕ್ಲೀನ್ ಇಡುತ್ತೆ ಅಂದಿದ್ದರು. ಈಗ ಪಾಚಿ ಹಂಗೇ ಇದೆ, ಇದು ಹಿಂಗಾಗಿದೆ. ಕಾಲುವೆಗೆ ಬಿಡಲಾ?" ಅಂತ ಕೇಳಿದರು.

ಕಾಲುವೆಗೆ ಮಾತ್ರ ಬೇಡ ಎಂದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಳ್ಳಾರಿಯಲ್ಲಿ ಫಿಶ್ ಟ್ಯಾಂಕ್ ಇಟ್ಟವರಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಒಂದೂವರೆ ಅಡಿ ಟ್ಯಾಂಕ್. ಹದಿನೆಂಟು ಇಂಚು ಉದ್ದ, ಹತ್ತು ಇಂಚು ಅಗಲ, ಹನ್ನೆರಡು ಇಂಚು ಎತ್ತರ. ಲೆಕ್ಕಕ್ಕೆ 35 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಎರಡು ಬೆರಳು ಜಾಗ ಬಿಟ್ಟರೆ ನೀರು 28ರಿಂದ 30 ಲೀಟರ್ ಅಷ್ಟೇ. ಸಕ್ಕರ್ ದಕ್ಷಿಣ ಅಮೆರಿಕದ ನದಿಗಳ ಮೀನು. ಒಂದಡಿ ದಾಟಿ ಒಂದೂವರೆ ಅಡಿವರೆಗೂ ಬೆಳೆಯುತ್ತದೆ. ಅಂದರೆ ಟ್ಯಾಂಕ್ ಎಷ್ಟು ಉದ್ದವೋ ಮೀನೂ ಅಷ್ಟೇ ಉದ್ದ! ಮರಿಯಾಗಿದ್ದಾಗ ಗಾಜು ಉಜ್ಜುತ್ತದೆ, ನಿಜ. ದೊಡ್ಡದಾದ ಮೇಲೆ ಪಾಚಿಗಿಂತ ಬೇರೆ ಮೀನಿಗೆ ಹಾಕಿದ ಕಾಳಿನ ಮೇಲೆಯೇ ಕಣ್ಣು. ತಿಂದಷ್ಟೂ ಹಿಕ್ಕೆ ಹಾಕುತ್ತದೆ, ಆ ಹಿಕ್ಕೆಯೇ ಪಾಚಿಗೆ ಗೊಬ್ಬರ. ಪಾಚಿ ತೆಗೆಯಲು ತಂದ ಮೀನೇ ಪಾಚಿ ಬೆಳೆಸುತ್ತದೆ.

ಹಾಗಾಗಿ ಯಾರಾದರೂ "ಪಾಚಿ ತಿನ್ನೋ ಮೀನು ಕೊಡಿ" ಅಂದರೆ ನಾನು ಮೊದಲು ಕೇಳುವುದು ಟ್ಯಾಂಕ್ ಎಲ್ಲಿಟ್ಟಿದ್ದೀರಿ, ಲೈಟ್ ಎಷ್ಟು ಹೊತ್ತು ಉರಿಯುತ್ತದೆ ಅಂತ. ಒಂದು ಜೀನ್ಸ್ ಹೊಲಿಯುವ ಯೂನಿಟ್‌ನ ಆಫೀಸಿನಲ್ಲಿ ಎರಡಡಿ ಟ್ಯಾಂಕ್ ಇತ್ತು. ಪೂರ್ವದ ಕಿಟಕಿ ಕೆಳಗೆ. ಬೆಳಿಗ್ಗೆ ಬಿಸಿಲು ನೇರ ಗಾಜಿನ ಮೇಲೆ. ಅದರ ಮೇಲೆ ಬಂದವರಿಗೆ ಚೆಂದ ಕಾಣಲಿ ಅಂತ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಲೈಟ್. ಊಟ ಹಾಕಲು ಮೂರು ಜನ, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಮೀನು ಕೊಡಲಿಲ್ಲ. ಟ್ಯಾಂಕನ್ನು ಒಳಗಿನ ಗೋಡೆಗೆ ಸರಿಸಿದೆವು. ಟೈಮರ್ ಹಾಕಿ ಲೈಟನ್ನು ದಿನಕ್ಕೆ ಏಳು ತಾಸಿಗೆ ಇಳಿಸಿದೆವು. ಊಟದ ಡಬ್ಬಿ ಒಬ್ಬರ ಡ್ರಾಯರ್‌ಗೆ ಹೋಯಿತು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಮೂರು ವಾರದಲ್ಲಿ ಅರ್ಧ ಪಾಚಿ ಕಡಿಮೆಯಾಯಿತು. ಉಳಿದರ್ಧಕ್ಕೆ ಮೀನಿನ ಮಾತು.

ಅದಕ್ಕೂ ಮುಂಚೆ ಪಾಚಿ ಯಾವುದು ಅಂತ ನೋಡಬೇಕು. ಹೊಸ ಟ್ಯಾಂಕಿನಲ್ಲಿ ಕಂದು ಬಣ್ಣದ ಧೂಳಿನಂತೆ ಕೂರುವುದು ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಕೆಲವು ವಾರದಲ್ಲಿ ತಾನಾಗಿಯೇ ನಿಲ್ಲುತ್ತದೆ. ನೀರೇ ಹಸಿರಾಗಿದ್ದರೆ ಈ ಗಾಜು ಉಜ್ಜುವ ಮೀನುಗಳಿಂದ ಏನೂ ಆಗುವುದಿಲ್ಲ, ನಾಲ್ಕು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ. ನೀಲಿ ಮಿಶ್ರ ಹಸಿರು, ಲೋಳೆ ಲೋಳೆ, ಎತ್ತಿದರೆ ಹಾಳೆಯಂತೆ ಬರುತ್ತದೆ, ಕೆಟ್ಟ ವಾಸನೆ ಅಂದರೆ ಅದು ಪಾಚಿಯೇ ಅಲ್ಲ, ಒಂದು ಥರದ ಬ್ಯಾಕ್ಟೀರಿಯಾ. ಮೀನು ಅದನ್ನು ಮೂಸಿಯೂ ನೋಡಲ್ಲ. ಮೀನಿನ ಕೆಲಸ ಇರುವುದು ಮುಖ್ಯವಾಗಿ ಗಾಜು, ಕಲ್ಲು, ಎಲೆ ಮೇಲಿನ ತೆಳು ಹಸಿರು ಪದರಕ್ಕೆ.

ಈಗ ನಮ್ಮೂರಿನ ಸಮಸ್ಯೆಗೆ ಬರೋಣ. ಬೇರೆ ಊರಿನವರು ಹೇಳುವ ಮೀನು ಇಲ್ಲಿ ಯಾಕೆ ನಡೆಯಲ್ಲ? ಎರಡು ಕಾರಣ: ಬಿಸಿಲು, ಬೋರ್ ನೀರು. ಏಪ್ರಿಲ್ ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಮಹಡಿ ಮನೆಯ ಟ್ಯಾಂಕಿನ ನೀರು 32, 33 ಮುಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿಯುವ ನೀರು 33ರಲ್ಲಿ 7.2ರ ಹತ್ತಿರ ಬರುತ್ತದೆ. ಅದೇ ಹೊತ್ತಿಗೆ ಮೀನಿಗೆ ಉಸಿರು ಜಾಸ್ತಿ ಬೇಕು. ಅಂಥ ರಾತ್ರಿಯೇ ಕರೆಂಟ್ ಹೋಗುತ್ತದೆ.

ಇದರ ಪಾಠ ನನಗೆ ಓಟೋಸಿಂಕ್ಲಸ್ ಎಂಬ ಮೀನು ಕಲಿಸಿತು. ಅಂಗಡಿಯವರು 'ಓಟೋ' ಅನ್ನುತ್ತೇವೆ. ಒಂದೂವರೆ ಇಂಚಿನ ಚಿಕ್ಕ ಮೀನು, ಬಹಳ ಸಾಧು, ಎಲೆ ಹರಿಯದಂತೆ ಪಾಚಿ ನೆಕ್ಕುತ್ತದೆ. ಸಣ್ಣ ಟ್ಯಾಂಕಿಗೆ ಇದೇ ಬೆಸ್ಟ್ ಅಂತ ಎಲ್ಲರೂ ಹೇಳುತ್ತಾರೆ. ಆರು ಓಟೋ ತಂದು ನನ್ನ ಮನೆಯ ಟ್ಯಾಂಕಿಗೇ ಬಿಟ್ಟೆ. ಫೆಬ್ರವರಿಯಲ್ಲಿ ತಂದಿದ್ದು, ಮಾರ್ಚ್ ಪೂರ್ತಿ ಚೆನ್ನಾಗಿದ್ದವು. ಏಪ್ರಿಲ್ ಕೊನೆಗೆ ಒಂದು ರಾತ್ರಿ ಕರೆಂಟ್ ಹೋಗಿ ನೀರಿಗೆ ಗಾಳಿ ಕೊಡುವ ಮೋಟರ್ ನಿಂತಿತು. ಬೆಳಿಗ್ಗೆ ನಾಲ್ಕು ಓಟೋ ತಳದಲ್ಲಿದ್ದವು. ಉಳಿದೆರಡು ಒಂದು ವಾರ ನಡೆದವು. ತಪ್ಪು ಮೀನಿನದ್ದಲ್ಲ, ನನ್ನದು. ಅದಕ್ಕೆ 22ರಿಂದ 26 ಡಿಗ್ರಿ ನೀರು, ಉಪ್ಪಿನಂಶ ಕಡಿಮೆ ಇರುವ ಮೆತ್ತನೆ ನೀರು, ಆರು ತಿಂಗಳಾದರೂ ಹಳೆಯದಾದ ಟ್ಯಾಂಕ್ ಬೇಕು. ಎಸಿ ಇರುವ ಕ್ಲಿನಿಕ್ಕು, ಆಫೀಸಿಗೆ ಇವತ್ತೂ ಕೊಡುತ್ತೇನೆ. ಮನೆಗೆ ಕೊಡುವುದಿಲ್ಲ.

ಬೋರ್ ನೀರಿನ ಕಥೆ ಬೇರೆ. ನಿಮ್ಮ ನಲ್ಲಿ ತುದಿಗೆ, ಬಕೆಟ್ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ ಅಲ್ವಾ? ಗಡಸು ನೀರು ಅಂದರೆ ಅದೇ. ಬಹಳ ಮೀನಿಗೆ ಇದು ಕಷ್ಟ. ಇದನ್ನೇ ಇಷ್ಟಪಡುವ ಒಂದು ಮೀನಿದೆ: ಮೋಲಿ.

ನನ್ನ ಮಾತು ಕೇಳಿ ಮುಖ ಸಣ್ಣ ಮಾಡುವವರೇ ಜಾಸ್ತಿ. ಮೋಲಿ ಅಂದರೆ ಎಲ್ಲ ಅಂಗಡಿಯಲ್ಲೂ ಸಿಗುವ ಕರಿ ಮೀನು, ಅದರಲ್ಲೇನಿದೆ ಅಂತ. ಕೂತು ನೋಡಿ. ಬೆಳಿಗ್ಗೆ ಊಟ ಹಾಕುವ ಮೊದಲು ಕರಿ ಮೋಲಿ ಗಾಜಿಗೆ ಮುಖ ಕೊಟ್ಟು ನಿಲ್ಲುತ್ತದೆ. ತುಟಿ ಮುಂದೆ ಚಾಚಿ ಟಕ್ ಟಕ್ ಅಂತ ಕುಟುಕುತ್ತದೆ. ಒಂದು ಕಡೆ ಐದಾರು ಸಲ, ಆಮೇಲೆ ಅರ್ಧ ಇಂಚು ಪಕ್ಕಕ್ಕೆ. ಹಸಿರು ಪದರದ ಮೇಲೆ ಸಣ್ಣ ಸಣ್ಣ ಗುರುತು ಉಳಿಯುತ್ತದೆ, ಚಪಾತಿ ಹಿಟ್ಟಿಗೆ ಬೆರಳ ತುದಿ ಒತ್ತಿದ ಹಾಗೆ. ಸಂಜೆ ಹೊತ್ತಿಗೆ ಆ ಗುರುತೆಲ್ಲ ಸೇರಿ ಗಾಜಿನ ಒಂದು ಭಾಗ ತಿಳಿಯಾಗಿರುತ್ತದೆ. ಬಿಸಿಗೂ ಓಟೋಗಿಂತ ಗಟ್ಟಿ. ಒಂದೂವರೆ ಅಡಿಗೆ ಮೂರು ಸಾಕು. ಹೊಟ್ಟೆ ಉಬ್ಬಿದ ಬಲೂನ್ ಮೋಲಿ ಬೇಡ, ಆ ಬೆನ್ನು ತಳಿ ಮಾಡುವವರು ವಕ್ರ ಮಾಡಿದ್ದು. ಒಂದು ಕಷ್ಟ ಉಂಟು, ಇದು ಮರಿ ಹಾಕುತ್ತದೆ, ಹೆಚ್ಚು ಕಮ್ಮಿ ತಿಂಗಳಿಗೊಮ್ಮೆ. ಹೆಣ್ಣು ಒಂದನ್ನೇ ಇಟ್ಟರೂ ಮೊದಲು ಗಂಡಿನ ಜೊತೆ ಕೂಡಿದ್ದರಿಂದಲೇ ತಿಂಗಳುಗಟ್ಟಲೆ ಮರಿ ಬರಬಹುದು. ಬೇಡ ಅನ್ನುವವರು ಪ್ಲಾಟಿ ಕೇಳುತ್ತಾರೆ, ಅದೂ ಅದೇ ಕುಟುಂಬದ್ದು, ಅದೇ ಕಥೆ. ಮೂತಿ ಚಿಕ್ಕದು ಅಷ್ಟೇ.

ಊಟ ಅರ್ಧ ಮಾಡಿ, ವಾರಕ್ಕೊಂದು ದಿನ ಉಪವಾಸ ಬಿಡಿ. ಹೊಟ್ಟೆ ತುಂಬಿದ ಮೋಲಿ ಪಾಚಿ ಮುಟ್ಟಲ್ಲ. ನಾವೂ ಅಷ್ಟೇ ಅಲ್ವಾ, ಹೋಳಿಗೆ ಇಟ್ಟ ದಿನ ಸೊಪ್ಪಿನ ಪಲ್ಯ ಯಾರಿಗೆ ಬೇಕು?

ಮೋಲಿ ಜೊತೆ ಒಂದು ನೆರೈಟ್ ಬಸವನಹುಳು. ಗಾಜಿಗೆ ಅಂಟಿದ ಗಟ್ಟಿ ಹಸಿರು ಚುಕ್ಕೆಯನ್ನು ಕೆರೆಯುವುದು ಇದೇ. ಗಡಸು ನೀರು ಅದರ ಚಿಪ್ಪಿಗೆ ಒಳ್ಳೆಯದು. ಕಲ್ಲಿನ ಮೇಲೆ ಬಿಳಿ ಎಳ್ಳಿನಂಥ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಿನಲ್ಲಿ ಅವು ಮರಿಯಾಗುವುದಿಲ್ಲ, ಗಾಬರಿ ಬೇಡ. ಟ್ಯಾಂಕಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ಸೋಫಾ ಕೆಳಗೆ ಹುಡುಕಬೇಕಾಗುತ್ತದೆ. ತಾಮ್ರ ಇರುವ ಮೀನಿನ ಔಷಧಿ ಹಾಕಿದರೆ ಇದು ಸಾಯುತ್ತದೆ, ಬಾಟಲಿ ಮೇಲಿನದು ಓದಿಯೇ ಹಾಕಿ. ಹತ್ತು ಲೀಟರಿನ ದುಂಡು ಗಾಜಿನ ಬೌಲ್ ಇಟ್ಟವರಿಗೆ ನಾನು ಹೇಳುವುದೂ ಈ ಹುಳು ಒಂದೇ, ಮೀನು ಬೇಡ.

ಅಂಗಡಿಯಲ್ಲಿ 'ಆಲ್ಗೀ ಈಟರ್' ಅಂತ ಒಂದೇ ಹೆಸರಲ್ಲಿ ಎರಡು ಮೀನು ಮಾರುತ್ತಾರೆ, ಇದನ್ನು ಸ್ವಲ್ಪ ನೋಡಿಕೊಳ್ಳಿ. ಕವರನ್ನು ಬೆಳಕಿಗೆ ಹಿಡಿಯಿರಿ. ಬಾಯಿ ಬಟ್ಟಲಿನಂತೆ ಪ್ಲಾಸ್ಟಿಕ್ಕಿಗೆ ಅಂಟಿ ನಿಂತಿದ್ದರೆ ಅದು ಚೈನೀಸ್. ಹಳದಿ ಬಣ್ಣದಲ್ಲೂ ಬರುತ್ತದೆ. ಮುದ್ದಾಗಿರುತ್ತದೆ, ದೊಡ್ಡದಾದ ಮೇಲೆ ಬೇರೆ ಮೀನಿನ ಮೈಗೆ ಅಂಟಿ ಲೋಳೆ ಹೀರುತ್ತದೆ. ಅಂಟದೆ, ರೆಕ್ಕೆ ಊರಿ ಕೂತಿದ್ದು, ಕಪ್ಪು ಪಟ್ಟೆ ಬಾಲದ ತುದಿವರೆಗೂ ಹೋಗಿದ್ದರೆ ಸಯಾಮೀಸ್. ಇದು ಒಳ್ಳೆಯ ಮೀನು, ಹೆಚ್ಚಿನ ಮೀನುಗಳು ತಿನ್ನದ, ಗಡ್ಡದಂತೆ ಬೆಳೆಯುವ ಕಪ್ಪು ಪಾಚಿಯನ್ನೂ ತಿನ್ನುತ್ತದೆ. ಆದರೆ ಐದಾರು ಇಂಚು ಬೆಳೆದು ಓಡಾಡುವ ಮೀನು, ಮೂರಡಿ ಟ್ಯಾಂಕ್ ಬೇಕು. ಸಕ್ಕರ್ ಥರದ್ದೇ ಬೇಕು ಅನ್ನುವವರಿಗೆ ಬ್ರಿಸಲ್‌ನೋಸ್ ಇದೆ, ಐದು ಇಂಚಿಗೆ ನಿಲ್ಲುತ್ತದೆ, ಆದರೆ ಅದಕ್ಕೂ ಎರಡೂವರೆ ಅಡಿ ಟ್ಯಾಂಕ್, ಒಂದು ಮರದ ಬೇರು ಬೇಕು.

ಬೇಸಿಗೆಗೆ ಒಂದು ಉಪಾಯ. ನಮ್ಮದು ಒಣ ಬಿಸಿಲು, ಹಾಗಾಗಿ ಸಣ್ಣ ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಟ್ಟು ಮುಚ್ಚಳದ ಬದಲು ಜಾಲರಿ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹೊಸ ಮಡಕೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು. ಆವಿಯಾಗಿ ಹೋದಷ್ಟು ನೀರನ್ನು ಮಾತ್ರ ಬೋರ್‌ನಿಂದ ತುಂಬಬೇಡಿ. ನೀರು ಹೋಗುತ್ತದೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ದಿನದಿನಕ್ಕೂ ಏರುತ್ತದೆ. ಆ ಕೊರತೆಗೆ ಉಪ್ಪು ತೆಗೆದ ಆರ್‌ಒ ಫಿಲ್ಟರ್ ನೀರು ಹಾಕಿ.

ಇನ್ನು ಕಾಲುವೆ. ಸಕ್ಕರ್ ಮೈಗೆ ಎಲುಬಿನ ಕವಚ ಇದೆ, ನೀರಿನ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಕೇರಳ, ತಮಿಳುನಾಡು, ಆಂಧ್ರದ ಕೆರೆ ಹೊಳೆಗಳಲ್ಲಿ ಮನೆ ಟ್ಯಾಂಕಿನಿಂದ ಹೋದ ಇವು ಈಗಾಗಲೇ ನೆಲೆಯೂರಿವೆ. ಮೀನುಗಾರರ ಬಲೆ ಹರಿಯುತ್ತವೆ, ದಂಡೆ ಕೊರೆದು ಬಿಲ ಮಾಡಿ ಮೊಟ್ಟೆ ಇಡುತ್ತವೆ. ಎಚ್‌ಎಲ್‌ಸಿಗೆ, ಅಂದರೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಗೆ, ಬಿಟ್ಟರೆ ತುಂಗಭದ್ರೆಯ ನೀರು ಹರಿಯುವಲ್ಲೆಲ್ಲ ಬಿಟ್ಟ ಹಾಗೆ.

ಬಕೆಟ್ ಮೀನನ್ನು ನಾನೇ ಇಟ್ಟುಕೊಂಡೆ. ಅಂಗಡಿ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿದೆ. ತೊಟ್ಟಿಯ ನಾಲ್ಕೂ ಗೋಡೆ ತುಂಬ ಪಾಚಿ. ಅದು ಸಂಜೆ ಬಂದು ಸೌತೆಕಾಯಿಗೆ ಕಾಯುತ್ತದೆ. ದೊಡ್ಡ ತೊಟ್ಟಿ ಇರುವವರು ಯಾರಾದರೂ ಇದ್ದರೆ ಬನ್ನಿ, ದುಡ್ಡು ಬೇಡ, ಸುಮ್ನೆ ತಗೊಂಡು ಹೋಗಿ. ಬಕೆಟ್ಟೂ ಕೊಡುತ್ತೇನೆ.