ಬೋಟ್ ಉಲ್ಟಾ ಮಾಡಿ ಅನ್ನಬ್ಯಾಡ್ರಿ

ಸಮುದ್ರನೇ ಇಲ್ಲದ ದಾವಣಗೆರೇಲಿ ಕೂತು ಬೋಟ್ ಚಿತ್ರ ಬರೀತೀನಿ ಅಂದ್ರೆ ಜನ ನಗ್ತಾರೆ, ಆದ್ರೆ ನೇವಿಲಿ, ಮರ್ಚೆಂಟ್ ಶಿಪ್ಪಲ್ಲಿ ಇದ್ದು ಬಂದೋರು ನಮ್ಮ ಕಡೆನೂ ಇದಾರೆ, ಮಲ್ಪೆ ಬೋಟ್ ಮಾಲೀಕ್ರೂ ವಾಟ್ಸಾಪಲ್ಲಿ ಫೋಟೊ ಕಳಿಸ್ತಾರೆ. ಸೈಜು, ರೇಟು ಎಲ್ಲಾ ಎರಡು ಮಾತಲ್ಲಿ ಮುಗಿಯುತ್ತೆ. ಮುಗಿಯದೇ ಇರೋದು ಒಂದೇ, "ಸರ್, ವಾಸ್ತು ಪ್ರಕಾರ ಬೋಟ್ ಮನೆ ಒಳಗೆ ಬರೋ ತರ ಇರ್ಬೇಕಂತೆ, ಫೋಟೊ ಉಲ್ಟಾ ಮಾಡಿ, ಕನ್ನಡೀಲಿ ಕಂಡಂಗೆ ಎಡ ಬಲ ತಿರುಗಿಸಿ ಬರೀರಿ."

ವಾಸ್ತು ಬಗ್ಗೆ ನಾನೇನೂ ಅನ್ನಲ್ಲ, ನಿಮ್ಮ ಮನೆ, ನಿಮ್ಮಿಷ್ಟ. ಆದ್ರೆ ಉಲ್ಟಾ ಮಾಡಿದ್ರೆ ಅದು ನಿಮ್ಮ ಬೋಟೇ ಅಲ್ಲ. ಬೋಟ್ ಮೇಲಿನ ಹೆಸರೊಂದು ನೆಟ್ಟಗೆ ಬರೆದ್ರೆ ಆಯ್ತಲ್ಲ ಅಂತೀರ, ಆಗಲ್ಲ. ಬೋಟಿನ ಎಡ ಬಲ ನೋಡೋರದ್ದಲ್ಲ, ಬೋಟಿಂದೇ. ಮೂತಿ ಕಡೆ ಮುಖ ಮಾಡಿ ನಿಂತ್ರೆ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು, ಇದು ಸಮುದ್ರದಲ್ಲಿ ಡಿಕ್ಕಿ ತಪ್ಪಿಸಾಕೆ ಮಾಡಿದ 1972ರ ಅಂತಾರಾಷ್ಟ್ರೀಯ ನಿಯಮದಲ್ಲೇ ಐತೆ. ಅಂದ್ರೆ ಚಿತ್ರದಲ್ಲಿ ಮೂತಿ ನಿಮ್ಮ ಬಲಕ್ಕಿದ್ರೆ ಕಾಣ್ಬೇಕಾದ್ದು ಹಸಿರು, ಎಡಕ್ಕಿದ್ರೆ ಕೆಂಪು. ಸಣ್ಣ ಬೋಟಲ್ಲಿ ಎರಡೂ ಬಣ್ಣ ಒಂದೇ ದೀಪದಲ್ಲಿ ಇರೋದೂ ಉಂಟು, ಹಂಗಾಗಿ ಕಣ್ಮುಚ್ಚಿ ಎಲ್ಲಾದಕ್ಕೂ ಹೇಳಲ್ಲ. ಇಷ್ಟಕ್ಕೂ ಅರ್ಥ ಆಗ್ಲಿಲ್ಲ ಅಂದ್ರೆ ಹೈವೇಲಿ ನಿಂತಿರೋ ಲಾರಿ ಫೋಟೊ ತಗೊಂಡು ಉಲ್ಟಾ ಮಾಡಿ ನೋಡ್ರಿ, ಸ್ಟೇರಿಂಗ್ ಕ್ಲೀನರ್ ಮುಂದೆ ಇರುತ್ತೆ.

ನಾನೂ ಒಂದ್ಸಲ ಹಿಂಗೇ ಮಾಡಿ ಕೆಟ್ಟಿದೀನಿ. ವಿದ್ಯಾನಗರದೋರು, ನೇವಿ ರಿಟೈರ್ಡು, ಅವ್ರದ್ದು ಹಾಯಿ ಬೋಟು, ಮನೆಯೋರು ಹಠ ಮಾಡಿದ್ರು ಅಂತ ಉಲ್ಟಾ ಬರೆಸಿದ್ರು. ತಗೊಂಡೋಗಾಕೆ ಬಂದೋರು ಚಿತ್ರದ ಮುಂದೆ ಸುಮ್ನೆ ನಿಂತ್ರು, ಕನ್ನಡಕ ತೆಗೆದು ಒರೆಸ್ಕೊಂಡ್ರು, ಆಮೇಲೆ ಮೂತಿ ಹತ್ರ ನಾನು ಎರಡು ದಿನ ಕೂತು ಮುತುವರ್ಜಿಯಿಂದ ಬರೆದಿದ್ದ ತೇಪೆ ಮೇಲೆ ಬೆರಳಿಟ್ಟು, "ಇದು ಎಡಗಡೆ ಇರ್ಬೇಕಲ್ರೀ, ಜೆಟ್ಟಿಗೆ ಗುದ್ದಿಸಿದ್ದು ನಾನೇ" ಅಂದ್ರು. ಪಾಪ, ದುಡ್ಡು ಕೊಡಾಕೆ ಬಂದ್ರು, ನಂಗೇ ಇಸ್ಕೊಳಾಕೆ ಮನಸ್ಸಾಗ್ಲಿಲ್ಲ, ಇನ್ನೊಂದು ಕ್ಯಾನ್ವಾಸ್ ಬಿಗಿದು ಮೊದಲಿಂದ ಬರೆದೆ.

ಈಗ ಯಾರು ಕೇಳಿದ್ರೂ ಎರಡೇ ದಾರಿ ಹೇಳ್ತೀನಿ. ಬೋಟಿನ ಇನ್ನೊಂದು ಮಗ್ಗುಲು ಕಾಣೋ ಫೋಟೊ ಕಳಿಸ್ರಿ. ಇಲ್ಲಾಂದ್ರೆ ಹಾಲಲ್ಲಿ ಎದುರು ಗೋಡೆಗೆ ಹಾಕ್ರಿ, ಬೋಟ್ ತಾನಾಗೇ ಒಳಗೆ ತಿರುಗುತ್ತೆ. ಇದಕ್ಕೆ ಬರೋ ಉತ್ತರನೂ ಯಾವಾಗ್ಲೂ ಒಂದೇ, "ಆ ಗೋಡೇಲಿ ಟಿವಿ ಐತಲ್ರೀ."