ಮೊದಲು ಸವೆಯುವುದು ಯಾವುದು?

ಮಿಕ್ಸಿ ಕೊಳ್ಳಲು ಅಂಗಡಿಗೆ ಹೋದಾಗ ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯದು ಚೆನ್ನಾಗಿ ಬಾಳಿಕೆ ಬರುತ್ತದೆ ಎಂಬುದು. ಅಂಗಡಿಯವರು ಒಂದು ಹೆಸರು ಹೇಳುತ್ತಾರೆ, ಮನೆಯ ಹಿರಿಯರು ಇನ್ನೊಂದು, ಪಕ್ಕದ ಮನೆಯವರು ಮತ್ತೊಂದು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಪ್ರತಿಯೊಬ್ಬರ ಮಾತಿನ ಹಿಂದೆ ಇರುವುದು ಒಂದೋ ಎರಡೋ ಯಂತ್ರಗಳ ಅನುಭವ ಮಾತ್ರ. ಹಲವು ವರ್ಷ ಮಿಕ್ಸಿ, ಕುಕ್ಕರ್, ಫ್ಯಾನುಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸದಿಂದ ನನಗೆ ಮನವರಿಕೆಯಾಗಿರುವುದೇನೆಂದರೆ, ಕಂಪನಿಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ವಸ್ತುವಿನಲ್ಲಿ ಮೊದಲು ಸವೆಯುವ ಭಾಗ ಯಾವುದು, ಅದು ಸವೆದಾಗ ಅದೊಂದನ್ನೇ ತೆಗೆದು ಹೊಸದನ್ನು ಹಾಕಲು ಸಾಧ್ಯವೇ?

ನಮ್ಮ ದೇಶದ ಮಿಕ್ಸಿಯ ಚರಿತ್ರೆಯೇ ಈ ಪ್ರಶ್ನೆಯಿಂದ ಆರಂಭವಾಗುತ್ತದೆ. 1960ರ ದಶಕದಲ್ಲಿ ಮುಂಬಯಿಯಲ್ಲಿದ್ದ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಒಂದು ಮಿಕ್ಸರ್ ಇತ್ತು. ಹಣ್ಣಿನ ರಸ, ಕೇಕಿನ ಹಿಟ್ಟು ಮುಂತಾದ ಮೆದು ಕೆಲಸಗಳಿಗೆ ರೂಪಿಸಿದ್ದ ಆ ಯಂತ್ರದ ಮೋಟಾರು ನಮ್ಮ ಅಡುಗೆಮನೆಯ ರುಬ್ಬುವಿಕೆಯನ್ನು ತಾಳಲಾರದೆ ಸುಟ್ಟುಹೋಯಿತು, ಅದನ್ನು ಇಲ್ಲಿ ರಿಪೇರಿ ಮಾಡಿಸುವ ದಾರಿಯೂ ಇರಲಿಲ್ಲ. ಮಾಥುರ್ ಅವರು ನೆನೆಸಿದ ಬೇಳೆ, ಒಣ ಅರಿಶಿನ, ಕೊಬ್ಬರಿ ಇವುಗಳ ಹೊರೆಯನ್ನೇ ಲೆಕ್ಕಕ್ಕೆ ಹಿಡಿದು ಹೆಚ್ಚು ಬಲದ ಮೋಟಾರಿನ ಯಂತ್ರವೊಂದನ್ನು ರೂಪಿಸಿದರು. ಅದೇ ಮುಂದೆ ‘ಸುಮೀತ್’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಹಾಗಾದರೆ ಜರ್ಮನಿಯ ಯಂತ್ರ ಕಳಪೆಯಾಗಿತ್ತೇ? ಖಂಡಿತ ಇಲ್ಲ. ಯಾವ ಕೆಲಸಕ್ಕೆ ಎಂದು ಹೇಳದೆ ಒಂದು ವಸ್ತುವಿನ ಬಾಳಿಕೆಯನ್ನು ಅಳೆಯಲು ಬರುವುದಿಲ್ಲ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಮಿಕ್ಸಿಯೊಳಗೆ ಇರುವುದು ಯೂನಿವರ್ಸಲ್ ಮೋಟಾರ್ ಎಂಬ ಬಗೆಯದು. ಹೊರಗಿನ ಸ್ಥಿರ ಸುರುಳಿಗೆ ರಿಪೇರಿಯವರು ಫೀಲ್ಡ್ ಕಾಯಿಲ್ ಎನ್ನುತ್ತಾರೆ, ಒಳಗೆ ತಿರುಗುವ ಭಾಗಕ್ಕೆ ಆರ್ಮೇಚರ್. ಎರಡೂ ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಈ ಪುಟ್ಟ ಮೋಟಾರು, ಹೊರೆಯಿಲ್ಲದಾಗ, ನಿಮಿಷಕ್ಕೆ ಸುಮಾರು 18,000ದಿಂದ 20,000 ಸುತ್ತು ತಿರುಗಬಲ್ಲದು. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವುದು ಎರಡು ಸಣ್ಣ ಕಾರ್ಬನ್ ಬ್ರಷ್‌ಗಳು. ಹೆಸರು ಬ್ರಷ್ ಆದರೂ ಅವು ಗ್ರಾಫೈಟಿನ ಚೌಕಾಕಾರದ ತುಂಡುಗಳು; ಸ್ಪ್ರಿಂಗಿನ ಒತ್ತಡದಲ್ಲಿ, ಆರ್ಮೇಚರಿನೊಡನೆ ತಿರುಗುವ ಕಮ್ಯುಟೇಟರ್ ಎಂಬ ತಾಮ್ರದ ಉರುಳೆಗೆ ಸದಾ ಉಜ್ಜಿಕೊಂಡಿರುತ್ತವೆ. ಎರಡು ವಸ್ತುಗಳು ಉಜ್ಜಿಕೊಂಡರೆ ಯಾವುದಾದರೂ ಒಂದು ಸವೆಯಲೇಬೇಕು. ಅಗ್ಗದ ಗ್ರಾಫೈಟು ಸವೆಯಲಿ, ದುಬಾರಿ ತಾಮ್ರ ಉಳಿಯಲಿ ಎಂದೇ ಮೆದು ವಸ್ತುವನ್ನು ಆರಿಸಿರುತ್ತಾರೆ. ಆದರೆ ಬ್ರಷ್ ಸವೆದು ತೀರ ಗಿಡ್ಡವಾದ ಮೇಲೂ ಬದಲಿಸದಿದ್ದರೆ ಸ್ಪ್ರಿಂಗಿನ ಒತ್ತಡ ಸಾಲದೆ ಕಿಡಿ ಹೆಚ್ಚುತ್ತದೆ, ಆ ಕಿಡಿಗಳು ತಾಮ್ರವನ್ನು ಕೊರೆಯುತ್ತವೆ, ಕೊನೆಗೆ ಇಡೀ ಆರ್ಮೇಚರನ್ನೇ ಬದಲಿಸಬೇಕಾಗುತ್ತದೆ.

ಇದಕ್ಕಿಂತ ಸೊಗಸಾದ ಏರ್ಪಾಡು ಕಪ್ಲರ್. ಮೋಟಾರಿನ ತಲೆಯ ಮೇಲೆ ಒಂದು, ಜಾರಿನ ಅಡಿಯಲ್ಲಿ ಒಂದು, ಹಲ್ಲುಹಲ್ಲಾಗಿ ಕಚ್ಚಿಕೊಳ್ಳುವ ಈ ಬಿಲ್ಲೆಗಳಲ್ಲಿ ಒಂದನ್ನಾದರೂ ನೈಲಾನ್ ಅಥವಾ ರಬ್ಬರಿನಲ್ಲಿ ಮಾಡಿರುತ್ತಾರೆ. ಗಟ್ಟಿ ಕೊಬ್ಬರಿ ಹೋಳು ಬ್ಲೇಡಿಗೆ ಸಿಕ್ಕಿ ಜಾರು ಹಠಾತ್ತನೆ ನಿಂತಾಗ ಕಪ್ಲರಿನ ಹಲ್ಲು ಮುರಿದು ಮೋಟಾರು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಮನೆಯವರಿಗೆ ಇದು ಪ್ಲಾಸ್ಟಿಕ್ಕಿನ ಕಳಪೆ ಕೆಲಸ ಎನಿಸುವುದು ಸಹಜ. ಆದರೆ ಅಲ್ಲಿ ಉಕ್ಕಿನ ಹಲ್ಲುಗಳೇ ಇದ್ದಿದ್ದರೆ ಆ ಏಟೆಲ್ಲ ಆರ್ಮೇಚರಿನ ದಂಡಕ್ಕೂ ಬೇರಿಂಗಿಗೂ ಬೀಳುತ್ತಿತ್ತು. ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್ ಕೂಡ ಇದೇ ಜಾತಿಯದು: ವೆಯ್ಟಿನ ಕಂಡಿ ಕಟ್ಟಿಕೊಂಡು ಒಳಗಿನ ಬಿಸಿ ಮಿತಿಮೀರಿದಾಗ ಆ ಪುಟ್ಟ ಲೋಹದ ಬಿರಡೆ ಕರಗಿ ಆವಿಯನ್ನು ಹೊರಬಿಡುತ್ತದೆ, ಕುಕ್ಕರೂ ಅದರ ಮುಂದೆ ನಿಂತವರೂ ಉಳಿಯುತ್ತಾರೆ.

ಜಾರಿನ ಬುಷ್, ಅಂದರೆ ಬ್ಲೇಡಿನ ದಂಡವನ್ನು ಹಿಡಿದಿರುವ ಬಳೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಒಂದು ಎಚ್ಚರಿಕೆ ಅಗತ್ಯ. ಜಾರಿನ ಅಡಿಯಲ್ಲಿ ಕಪ್ಪು ನೀರು ಜಿನುಗತೊಡಗಿದರೆ ಬುಷ್ ಸವೆದಿದೆ ಎಂದರ್ಥ. ಉಪ್ಪು ಹುಳಿ ಬೆರೆತ ಆ ನೀರು ಕೆಳಗಿನ ಬೇರಿಂಗಿಗೆ ಇಳಿದು, ಮೋಟಾರಿನ ಆಯುಷ್ಯವನ್ನು ಸದ್ದಿಲ್ಲದೆ ತಿನ್ನುತ್ತದೆ.

ಬದಲಿಸಬಹುದಾದ ಭಾಗಗಳ ಮಾತು ಇಷ್ಟಾಯಿತು. ಮಿಕ್ಸಿಯ ನಿಜವಾದ ಶತ್ರು ಶಾಖ. ಸುರುಳಿಯ ತಂತಿಗಳ ಮೇಲೆ ತೆಳುವಾದ ನಿರೋಧಕ ಎನಾಮೆಲ್ ಲೇಪವಿರುತ್ತದೆ. ಕಾರ್ಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ಲೇಪದ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಅಂದಾಜು. ದೋಸೆ ಹಿಟ್ಟನ್ನು ನೀರು ಕಡಿಮೆ ಹಾಕಿ ರುಬ್ಬುವಾಗ ಆಗುವುದನ್ನು ಗಮನಿಸಿ. ಹೊರೆ ಹೆಚ್ಚಿದಂತೆ ಮೋಟಾರಿನ ವೇಗ ತಗ್ಗುತ್ತದೆ, ಎಳೆದುಕೊಳ್ಳುವ ವಿದ್ಯುತ್ ಪ್ರವಾಹ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ರವಾಹ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟಾಗುತ್ತದೆ. ಇದೇ ಹೊತ್ತಿಗೆ, ಮೋಟಾರನ್ನು ತಣಿಸುವ ಫ್ಯಾನು ಕೂಡ ಅದೇ ದಂಡದ ಮೇಲೆ ಇರುವ ಕಾರಣ, ಗಾಳಿಯೂ ಕಡಿಮೆಯಾಗುತ್ತದೆ. ಹೆಚ್ಚು ಗಾಳಿ ಬೇಕಾದ ಗಳಿಗೆಯಲ್ಲೇ ಗಾಳಿ ಸಾಲದೆ ಹೋಗುವುದು ಈ ವಿನ್ಯಾಸದ ಒಂದು ದೊಡ್ಡ ಇಕ್ಕಟ್ಟು. ಅಡಿಯಲ್ಲಿರುವ ಕೆಂಪು ಬಟನ್, ಅಂದರೆ ಓವರ್‌ಲೋಡ್ ಸ್ವಿಚ್, ಹೊರಗೆ ಚಿಮ್ಮುವುದು ಇದಕ್ಕಾಗಿಯೇ. ಅದನ್ನು ತಕ್ಷಣ ಒಳಗೆ ಒತ್ತಿ ಮತ್ತೆ ರುಬ್ಬಲು ತೊಡಗುವುದಕ್ಕಿಂತ ಹತ್ತು ಹದಿನೈದು ನಿಮಿಷ ಕಾಯುವುದು ಮೋಟಾರಿನ ಆಯುಷ್ಯಕ್ಕೆ ಒಳ್ಳೆಯದು.

ತಂತಿ ತಾಮ್ರದ್ದೋ ಅಲ್ಯೂಮಿನಿಯಮಿನದೋ ಎಂಬುದು ಈ ಕಾರಣಕ್ಕೇ ಮುಖ್ಯವಾಗುತ್ತದೆ. ಅಲ್ಯೂಮಿನಿಯಮಿನ ವಿದ್ಯುತ್ ರೋಧ ತಾಮ್ರದ ಸುಮಾರು 1.6 ಪಟ್ಟು. ಅಷ್ಟೇ ದಪ್ಪದ ಅಲ್ಯೂಮಿನಿಯಂ ತಂತಿ ಬಳಸಿದರೆ ಅಷ್ಟೇ ಪ್ರವಾಹಕ್ಕೆ ಹೆಚ್ಚು ಶಾಖ ಹುಟ್ಟುತ್ತದೆ. ದಪ್ಪ ತಂತಿ ಹಾಕೋಣವೆಂದರೆ ಮಿಕ್ಸಿಯ ಮೋಟಾರಿನಲ್ಲಿ ಜಾಗವಿಲ್ಲ. ಡಬ್ಬದ ಮೇಲೆ 500 ಅಥವಾ 750 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುವುದು ಯಂತ್ರ ಎಳೆದುಕೊಳ್ಳುವ ಶಕ್ತಿಯೇ ಹೊರತು ಅದು ಬಾಳುವ ಕಾಲವಲ್ಲ. ಸತತವಾಗಿ ಅಥವಾ ಬಿಡುವು ಕೊಟ್ಟು ಎಷ್ಟು ನಿಮಿಷ ಓಡಿಸಬಹುದು ಎಂಬ ರೇಟಿಂಗ್, ತಂತಿ ಯಾವ ಲೋಹದ್ದು ಎಂಬ ಲಿಖಿತ ವಿವರ, ಇವೆರಡು ವ್ಯಾಟಿಗಿಂತ ಹೆಚ್ಚು ಹೇಳುತ್ತವೆ.

ಇನ್ನು ನಂಬಿಕೆಯ ಮಾತು. ಮಿಕ್ಸಿಗಳಿಗೆ ಐಎಸ್ 4250 ಎಂಬ ಭಾರತೀಯ ಮಾನಕವಿದೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಿದರೆ ಪರವಾನಗಿ ಯಾರದು, ಯಾವ ಸಾಮಗ್ರಿಗೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಗುರುತು ಹೇಳುವುದು ಸುರಕ್ಷತೆ ಮತ್ತು ಕನಿಷ್ಠ ಗುಣಮಟ್ಟದ ಬಗ್ಗೆ. ಹತ್ತು ವರ್ಷ ಬಾಳುತ್ತದೆಂಬ ವಚನ ಅದರಲ್ಲಿಲ್ಲ. ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನೂ ಓದಬೇಕು. ತಯಾರಿಸಿದವರು ಮತ್ತು ಮಾರಾಟ ಮಾಡುವವರು ಬೇರೆಬೇರೆಯಾಗಿದ್ದರೆ, ನಾವು ನಂಬಿ ಹೋದ ಹೆಸರು ಆ ಯಂತ್ರವನ್ನು ತಾನೇ ಮಾಡಿಲ್ಲ ಎಂದಾಯಿತು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅದೇ ಹೆಸರಿನ ಹಳೆಯ ಯಂತ್ರದ ಬಗ್ಗೆ ಅಮ್ಮ ಕೊಟ್ಟ ಸಾಕ್ಷಿ ಈ ಹೊಸದಕ್ಕೆ ಸಲ್ಲುತ್ತದೆಂದು ಹೇಳಲಾಗದು.

ಹಳೆಯದೆಲ್ಲ ಗಟ್ಟಿ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಮೂವತ್ತು ವರ್ಷದ ಹಿಂದಿನ ಮಿಕ್ಸಿ ಇಂದಿಗೂ ಓಡುತ್ತಿರುವುದು ನಮ್ಮ ಕಣ್ಣಿಗೆ ಬೀಳುತ್ತದೆ. ಅದೇ ಕಾಲದಲ್ಲಿ ಕೊಂಡು, ಕೆಟ್ಟು, ಗುಜರಿಗೆ ಹೋದವು ಯಾರ ಲೆಕ್ಕದಲ್ಲೂ ಇಲ್ಲ. ಆದರೂ ಹಳೆಯವುಗಳಲ್ಲಿ ಒಂದು ಗುಣವಿತ್ತು. ಸಾಧಾರಣ ಸ್ಕ್ರೂಡ್ರೈವರಿನಿಂದ ಅವು ಬಿಚ್ಚಿಕೊಳ್ಳುತ್ತಿದ್ದವು, ಬಿಡಿಭಾಗಗಳು ಊರಿನ ಅಂಗಡಿಯಲ್ಲೇ ಸಿಗುತ್ತಿದ್ದವು.

ಈ ಗುಣವನ್ನು ಅಂಕಗಳಲ್ಲಿ ಅಳೆಯುವ ಪ್ರಯತ್ನ ಫ್ರಾನ್ಸಿನಲ್ಲಿ 2021ರ ಜನವರಿಯಿಂದ ನಡೆಯುತ್ತಿದೆ. ಆರಂಭದಲ್ಲಿ ಅಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನ್ ಮುಂತಾದವುಗಳ ಮೇಲೆ ಹತ್ತಕ್ಕೆ ಇಷ್ಟು ಎಂಬ ರಿಪೇರಿ ಅಂಕವನ್ನು ಅಂಗಡಿಯಲ್ಲೇ ತೋರಿಸಬೇಕಿತ್ತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ಕಾಲ ಸಿಗುತ್ತದೆ ಎಂಬುದರ ಜೊತೆಗೆ ಬಿಡಿಭಾಗದ ಬೆಲೆಯನ್ನೂ ಅಂಕಕ್ಕೆ ಸೇರಿಸಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಏಕೆಂದರೆ ಹೊಸ ಯಂತ್ರದ ಅರ್ಧ ಬೆಲೆಗೆ ಸಿಗುವ ಬಿಡಿಭಾಗ ಸಿಗದಿರುವುದಕ್ಕೆ ಸಮ. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆದಿದೆ, ಗೃಹೋಪಯೋಗಿ ವಸ್ತುಗಳು ಅದರ ವ್ಯಾಪ್ತಿಯಲ್ಲಿವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಿಕ್ಸಿಯ ಕಪ್ಲರ್ ಮುರಿಯಿತು. ಮೋಟಾರು ಹೊಸದರಂತಿತ್ತು, ವಾರಂಟಿ ಮುಗಿದು ಆರು ತಿಂಗಳೂ ಆಗಿರಲಿಲ್ಲ. ಆ ಮಾದರಿಯನ್ನು ನಿಲ್ಲಿಸಿದ್ದೇವೆ, ಕಪ್ಲರ್ ಬರುವುದಿಲ್ಲ ಎಂದು ಕಂಪನಿಯವರು ಹೇಳಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೂ ಆ ಹಲ್ಲುಗಳಿಗೆ ಹೊಂದುವ ಬಿಲ್ಲೆ ಸಿಗಲಿಲ್ಲ. ಹತ್ತಾರು ರೂಪಾಯಿಯ ತುಂಡಿಗಾಗಿ ಸಾವಿರಾರು ರೂಪಾಯಿಯ ಮೋಟಾರು ಗುಜರಿಗೆ ಹೋದದ್ದು ನನಗೆ ಇಂದಿಗೂ ಬೇಸರದ ವಿಷಯ. ಮುಂದಿನ ಮಿಕ್ಸಿ ಕೊಳ್ಳುವಾಗ ಮೊದಲು ರಿಪೇರಿ ಅಂಗಡಿಗೆ ಹೋಗಿ, ಯಾವುದರ ಕಪ್ಲರ್, ಬ್ರಷ್, ಬುಷ್ ಅವರ ಬಳಿ ಸದಾ ಇರುತ್ತವೆ ಎಂದು ಕೇಳಿದೆ. ಅವರು ಗೋಡೆಗೆ ತೂಗುಹಾಕಿದ್ದ ಪೊಟ್ಟಣಗಳನ್ನು ತೋರಿಸಿದರು. ಅಲ್ಲಿ ಹೆಚ್ಚು ಪೊಟ್ಟಣಗಳಿದ್ದ ಮಾದರಿಯನ್ನೇ ಕೊಂಡು, ಅದರ ಎರಡು ಕಪ್ಲರುಗಳನ್ನೂ ಅಂದೇ ತಂದಿಟ್ಟೆ.