ಮೊಬೈಲ್ ಕೆಳಗಿಟ್ಟ ಮೇಲೆ ಏನು ಮಾಡೋದು?

ಪ್ರಶ್ನೆ: ನಾವು ಗೋರೆಗಾಂವ್‌ನಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ರವಿವಾರವೂ ಗಂಡ, ಮಗ, ನಾನು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತೇವೆ. ಕೆಳಗಿಟ್ಟರೂ ಹತ್ತೇ ನಿಮಿಷಕ್ಕೆ ಕೈ ಮತ್ತೆ ಅದನ್ನೇ ಹುಡುಕುತ್ತೆ. ಊರಲ್ಲಾದರೆ ಗದ್ದೆ, ತೋಟ ಇತ್ತು. ಮುಂಬಯಿಯಲ್ಲಿ ಏನಿದೆ?

ಉತ್ತರ: ಮುಂಬಯಿಯಲ್ಲಿ ಸಮುದ್ರ ಇದೆ. ದಿನಕ್ಕೆ ಎರಡು ಸಲ ಅದು ಹಿಂದೆ ಸರಿದು, ಮುಚ್ಚಿಟ್ಟಿದ್ದನ್ನೆಲ್ಲ ತೋರಿಸುತ್ತದೆ. ಅಲ್ಲಿಂದಲೇ ಶುರು ಮಾಡಿ.

ಕೈ ಹುಡುಕೋದು ನಿಮ್ಮ ತಪ್ಪಲ್ಲ. ಬಾಳೆಲೆ ಊಟದಲ್ಲಿ ಮಜ್ಜಿಗೆ ಬಂತು ಅಂದರೆ ಊಟ ಮುಗೀತು ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಮೊಬೈಲಿನಲ್ಲಿ ಮಜ್ಜಿಗೆ ಬರೋದೇ ಇಲ್ಲ. ಬೆರಳು ಸರಿಸಿದಷ್ಟೂ ಬಡಿಸುತ್ತಲೇ ಇರುತ್ತದೆ. ಹೀಗೆ ಕೊನೆಯೇ ಸಿಗದ ಪುಟವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ವಿನ್ಯಾಸಕಾರ ಆಜಾ ರಾಸ್ಕಿನ್. ಮುಂದೆ ಅವರೇ ಅದಕ್ಕೆ ಬಹಿರಂಗವಾಗಿ ಬೇಸರಪಟ್ಟರು. ಅದಕ್ಕೆ ಮೊದಲು ಪುಟಕ್ಕೊಂದು ತಳ ಇತ್ತು. ಮುಂದಿನ ಪುಟಕ್ಕೆ ಒತ್ತಬೇಕಿತ್ತು. ಏಳಬೇಕು ಅನ್ನುವವರಿಗೆ ಅಷ್ಟು ಹೊತ್ತೇ ಸಾಕಾಗುತ್ತಿತ್ತು. ಸಾಲದ್ದಕ್ಕೆ, ಮುಂದೆ ಬರೋದು ಸಪ್ಪೆಯೋ ರುಚಿಯೋ ಗೊತ್ತಿರೋದಿಲ್ಲ. ಆ ಕುತೂಹಲವೇ ಕೈಯನ್ನು ಬಿಡೋದಿಲ್ಲ.

ಹಾಗಾಗಿ 'ನಾಳೆಯಿಂದ ಮುಟ್ಟಲ್ಲ' ಅನ್ನುವ ಹಟ ಜಾಸ್ತಿ ದಿನ ನಡೆಯೋದಿಲ್ಲ. ಆ ಜಾಗಕ್ಕೆ ತನ್ನದೇ ಹೊತ್ತು, ತನ್ನದೇ ಕೊನೆ ಇರುವ ಏನಾದರೂ ಬೇಕು. ಸಮುದ್ರದ ಇಳಿತಕ್ಕೆ ಅವೆರಡೂ ಇವೆ.

ಇಳಿತದ ಹೊತ್ತು ತಿಳಿಯೋಕೆ ಮೊಬೈಲ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಇದನ್ನು ನನಗೆ ಕಲಿಸಿದವರು ನಮ್ಮ ಬಿಲ್ಡಿಂಗಿನ ಮರಾಠಿ ಚಿಕ್ಕಮ್ಮ, ಎಲ್ಲರ ಬಾಯಲ್ಲೂ 'ಕಾಕು'. ಕೋಳಿವಾಡದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ ಬೆಳೆದವರು. ಮರಾಠಿಯಲ್ಲಿ ಉಬ್ಬರಕ್ಕೆ ಭರತಿ, ಇಳಿತಕ್ಕೆ ಓಹೋಟಿ. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಭರತಿಯ ಗಂಟೆ ಬರುತ್ತದೆ. ಅಷ್ಟಮಿ ಅಂದರೆ ಎಂಟರ ಮುಕ್ಕಾಲು, ಆರು ಗಂಟೆ. ಅಲ್ಲಿಂದ ಸುಮಾರು ಆರು ತಾಸಿಗೆ ಓಹೋಟಿ. ಹುಣ್ಣಿಮೆ, ಅಮಾವಾಸ್ಯೆಗೆ ಹದಿನೈದರ ಮುಕ್ಕಾಲು ಲೆಕ್ಕ ಹಾಕಿ: ಭರತಿ ಹನ್ನೊಂದೂಕಾಲಿಗೆ, ಓಹೋಟಿ ಸಂಜೆ ಐದೂವರೆ ಆಸುಪಾಸಿಗೆ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗಬಹುದು. ಚಂದ್ರ ದಿನಾ ತಡವಾಗಿ ಹುಟ್ಟುವ ಹಾಗೆ ಇದೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲೇ ನೀರು ತುಂಬ ದೂರ ಸರಿಯೋದು. ಅದೂ ಸಂಜೆ ಹೊತ್ತಿಗೇ. ಮುಂಬಯಿಯವರ ಪುಣ್ಯ ಅನ್ನಬೇಕು.

ಹೋದ ಚಳಿಗಾಲದಲ್ಲಿ ನಾನು, ಮಗಳು, ಕಾಕು ಜುಹೂಗೆ ಹೋದೆವು. ಭೇಲ್‌ಪುರಿ ಅಂಗಡಿಗಳನ್ನು ದಾಟಿ ಒದ್ದೆ ಮರಳಿಗೆ ಇಳಿದರೆ, ನೆಲದ ತುಂಬ ಸಾಬಕ್ಕಿಯಂಥ ಮರಳುಂಡೆಗಳು. ಒಂದೊಂದು ತೂತಿನ ಸುತ್ತ ರಂಗೋಲಿ ಎಳೆಯ ಹಾಗೆ ಸಾಲುಸಾಲು. ಯಾರು ಹಾಕಿದ್ದು ಅಂತ ನೋಡೋಕೆ ಬಗ್ಗಿದರೆ ಯಾರೂ ಇಲ್ಲ.

"ಅಲ್ಲಾಡಬೇಡಿ" ಅಂದರು ಕಾಕು. ಮೂವರೂ ಕುಕ್ಕರಗಾಲಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ತೂತಿನಿಂದ ಕಡಲೆಕಾಳಿನಷ್ಟು ದೊಡ್ಡ ಏಡಿಯೊಂದು ಹೊರಗೆ ಬಂತು. ಎರಡೂ ಚಿಮಟಿಗೆಯಿಂದ ಮರಳನ್ನು ಬಾಯಿಗೆ ತುಂಬಿಕೊಂಡಿತು. ಮರಳಿಗೆ ಅಂಟಿದ ಆಹಾರವನ್ನಷ್ಟೇ ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಕಾಲ ಸಂದಿಯಿಂದ ಹಿಂದಕ್ಕೆ ಒಗೆಯಿತು. ಮತ್ತೊಂದು, ಮತ್ತೊಂದು. ಮಗಳು ಕೈ ಎತ್ತಿದಳು, ಏಡಿ ಮಾಯ. ಮತ್ತೆ ಸುಮ್ನೆ ಕೂತಳು. ಮನೆಯಲ್ಲಿ ಐದು ನಿಮಿಷ ಒಂದೆಡೆ ಕೂರದ ಹುಡುಗಿ ಅವಳು. ನೀರು ವಾಪಸ್ ಬಂದು ಉಂಡೆಗಳನ್ನೆಲ್ಲ ಅಳಿಸುವ ತನಕ ಅಲ್ಲೇ ಇದ್ದಳು. ಅಷ್ಟರಲ್ಲಿ ಕಾಕು ತಮ್ಮ ತಂದೆಯ ದೋಣಿಯ ಕತೆ ಶುರು ಮಾಡಿದ್ದರು. ಹನ್ನೊಂದು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದರೂ ನಾನು ಆ ಕತೆ ಕೇಳಿರಲಿಲ್ಲ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಸಮುದ್ರ ಬೇಡ ಅನ್ನುವವರಿಗೆ ಬೊರಿವಲಿಯ ರಾಷ್ಟ್ರೀಯ ಉದ್ಯಾನ ಇದೆ, ಸುಮಾರು 104 ಚದರ ಕಿಲೋಮೀಟರ್ ಕಾಡು. ಸೋಮವಾರ ರಜೆ. ಒಳಗಿನ ಕಾನ್ಹೇರಿ ಗುಹೆಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಕನ್ನಡದ ಮಕ್ಕಳಿಗೆ ಅದನ್ನು ಹೇಳಿಯೇ ಕರೆದುಕೊಂಡು ಹೋಗಿ. ಚಳಿಗಾಲದಿಂದ ಮೇ ತನಕ ಶಿವಡಿ, ಠಾಣೆಯ ಖಾಡಿ (ಒಳನಾಡಿಗೆ ಚಾಚಿದ ಸಮುದ್ರದ ಕವಲು) ಕಡೆ ಫ್ಲೆಮಿಂಗೊಗಳು ಬರುತ್ತವೆ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೀರಿನ ಹತ್ತಿರ ಹೋಗಲೇಬೇಡಿ. ಉಳಿದ ದಿನಗಳಲ್ಲೂ ಓಹೋಟಿ ಮುಗಿದು ನೀರು ಏರತೊಡಗಿತು ಅಂದರೆ ಎದ್ದು ಬನ್ನಿ. ತುರ್ತಿಗೆ ಅಂತ ಒಬ್ಬರ ಮೊಬೈಲ್ ಇರಲಿ, ಆಫ್ ಮಾಡಿ ಬ್ಯಾಗಿನ ತಳದಲ್ಲಿ.

ಮಳೆ ನಿಂತ ಮೇಲಿನ ಮೊದಲ ಹುಣ್ಣಿಮೆಗೆ ನಾಲ್ಕು ಗಂಟೆಗೇ ಮನೆ ಬಿಡಿ. ಹೊರಡುವಾಗ ಪಕ್ಕದ ಮನೆಯ ಬೆಲ್ ಒತ್ತಿ, ಬರ್ತೀರಾ ಅಂತ ಕೇಳಿ.